ಅವ್ವನ ಬದಿಯ ಬಾಗಿಲು

ಹಳೆಯ ಕಾರಿಗೆ ಹೊಸದಾಗಿ ಮಾಡಿಸಿದ ಮಡ್‌ಗಾರ್ಡ್ ತಂದು, ಕೂಡಿಸಿ ನೋಡುವ ಮೊದಲೇ ಬಣ್ಣ ಹೊಡೆಯಲು ನಿಲ್ಲುವವರನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ನನ್ನ ಗ್ಯಾರೇಜಿನಲ್ಲಿ ಕೆಲಸ ಕಲಿತವರೆಲ್ಲ ಈ ಸಿಟ್ಟನ್ನು ಉಂಡವರೇ. ಹಳೆಯ ಗಾಡಿ ಇಷ್ಟು ವರ್ಷ ಓಡಿ, ಕುಣಿದು, ಒಂದು ಕಡೆ ವಾಲಿರುತ್ತದೆ. ಹೊಸ ತುಂಡು ಯಾರದೋ ಕೈಯಲ್ಲಿ ಹುಟ್ಟಿ ಬಂದಿರುತ್ತದೆ. ಇವೆರಡೂ ಮೊದಲ ಸಲಕ್ಕೇ ಹೊಂದಿಕೊಳ್ಳುತ್ತವೆ ಎಂದು ನಂಬುವವನು ಮದುವೆಯಾಗದವನೇ ಇರಬೇಕು. ಇದನ್ನೆಲ್ಲ ನನಗೆ ಕಲಿಸಿದ್ದು ಒಂದು ಬಾಗಿಲು. ಆ ಬಾಗಿಲಿನ ಋಣ ದೊಡ್ಡದು, ಅದಕ್ಕೇ ಬರೆಯುತ್ತಿದ್ದೇನೆ.

ಗೋಕಾಕದ ಗಿರಣಿಯ ಒಬ್ಬ ಬಿಳಿ ಸಾಹೇಬನಿಗೆ ನಮ್ಮಪ್ಪ ಡ್ರೈವರ್ ಆಗಿದ್ದ. ಹೆಸರಿಗೆ ಮಾತ್ರ ಡ್ರೈವರ್. ಸಾಹೇಬನದು ಎರಡೇ ಸೀಟಿನ, ಮೇಲೆ ಸೂರಿಲ್ಲದ, ಉದ್ದ ಮೂತಿಯ ಸ್ಪೋರ್ಟ್ಸ್ ಕಾರು. ಅದನ್ನು ಓಡಿಸುವ ಸುಖವನ್ನು ಆತ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಆತ ಸ್ಟೇರಿಂಗ್ ಹಿಡಿದರೆ ಪಗಾರ ತೆಗೆದುಕೊಳ್ಳುವ ಡ್ರೈವರು ಪಕ್ಕದಲ್ಲಿ ಸಾಹೇಬನ ಟೊಪ್ಪಿಗೆ ಹಿಡಿದುಕೊಂಡು ಕೂಡಬೇಕು. ಅಪ್ಪನ ಪಾಲಿಗೆ ಬರುತ್ತಿದ್ದುದು ತೊಳೆಯುವುದು, ಒರೆಸುವುದು, ಆಗೊಮ್ಮೆ ಈಗೊಮ್ಮೆ ಘಟಪ್ರಭಾ ಸ್ಟೇಷನ್ನಿಗೆ ಸಾಹೇಬನನ್ನು ಕರೆತರಲು ಖಾಲಿ ಗಾಡಿ ಒಯ್ಯುವುದು. ಆ ಖಾಲಿ ಗಾಡಿಯಲ್ಲಿ ಅಪ್ಪನ ಎಡಗಡೆಯ ಸೀಟು ಖಾಲಿಯೇ ಇರುತ್ತಿತ್ತು. ಅದರಲ್ಲಿ ಮನೆಯವರನ್ನು ಕೂಡಿಸುವಂತಿರಲಿಲ್ಲ.

ಅವ್ವ ಮೂಡಲಗಿಯವಳು. ಮದುವೆಯಾಗಿ ಗೋಕಾಕಕ್ಕೆ ಚಕ್ಕಡಿಯಲ್ಲಿ ಬಂದವಳು. ಆ ಚಕ್ಕಡಿಯ ಕುಲುಕಾಟಕ್ಕೆ ಅವಳು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳಂತೆ. ಆಗ ಹೊಸ ಗಂಡ ಸಮಾಧಾನಕ್ಕೆ, "ಒಂದ ದಿನಾ ನಿನ್ನ ಮೋಟಾರಿನ್ಯಾಗ ಕೂಡಿಸ್ಕೊಂಡ ತವರಿಗೆ ಕರಕೊಂಡ ಹೋಗತೇನಿ" ಅಂದಿದ್ದನಂತೆ. ಪ್ರತಿ ವರ್ಷ ನಾಗರ ಪಂಚಮಿಗೆ ತವರಿಗೆ ಹೊರಡುವಾಗ ಅವ್ವ ಚಕ್ಕಡಿ ಹತ್ತುತ್ತ, ಮುಂದೆ ಮುಂದೆ ಬಸ್ಸು ಹತ್ತುತ್ತ, "ಎಲ್ಲೈತ್ರಿ ನಿಮ್ಮ ಮೋಟಾರು" ಎಂದು ಕೇಳುವುದು ನಮ್ಮ ಮನೆಯ ಹಬ್ಬದ ಭಾಗವೇ ಆಗಿಬಿಟ್ಟಿತ್ತು. ಅಪ್ಪ ನಗುತ್ತಿದ್ದ. ನಾವೂ ನಗುತ್ತಿದ್ದೆವು.

ಸ್ವಾತಂತ್ರ್ಯ ಬಂದ ಮೇಲೆ ಸಾಹೇಬ ತನ್ನ ದೇಶಕ್ಕೆ ಹೊರಟ. ಹೋಗುವಾಗ ಕಾರಿನ ಕೀಲಿಕೈಯನ್ನು ಅಪ್ಪನ ಕೈಯಲ್ಲಿಟ್ಟು ಹೋದ. ಅಪ್ಪ ಅದನ್ನು ಮನೆಗೆ ತಂದು ಹಿತ್ತಲಿನ ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿದ. ಮರುದಿನ ಅವ್ವನನ್ನು ಕೂಡಿಸಿಕೊಂಡು ಹೊರಡಬೇಕಿತ್ತು. ಆದರೆ ಮರುದಿನ ಪೆಟ್ರೋಲ್ ಇರಲಿಲ್ಲ, ಆಮೇಲೆ ಕೆಲಸ ಇರಲಿಲ್ಲ, ಆಮೇಲೆ ಟೈರು ಇರಲಿಲ್ಲ. ಹೀಗೆ ಒಂದಿಲ್ಲ ಒಂದು ಇಲ್ಲದೆ ಗಾಡಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೊಟ್ಟಿಗೆಯಲ್ಲೇ ಉಳಿಯಿತು. ಅದರ ಎಡಮಗ್ಗುಲಿಗೆ ನಮ್ಮ ಎಮ್ಮೆ ಕಟ್ಟುತ್ತಿದ್ದೆವು. ಎಮ್ಮೆಗೆ ಮೈ ತುರಿಸಿಕೊಳ್ಳಲು ಇಂಥ ಸುಖದ ಜಾಗ ಇನ್ನೆಲ್ಲಿ ಸಿಗಬೇಕು. ಗಂಜಲಕ್ಕೆ ಎಡಗಡೆಯ ಮಡ್‌ಗಾರ್ಡ್ ಹಪ್ಪಳದಂತೆ ಉದುರಿತು. ಬಾಗಿಲಿನ ತಗಡು ತೂತುಬಿದ್ದಿತು. ಆ ಕಾಲದ ಇಂಥ ಕಾರುಗಳಲ್ಲಿ ಬಾಗಿಲಿನ ಒಳಗಿನ ಚೌಕಟ್ಟು ಕಟ್ಟಿಗೆಯದು, ಅದರ ಮೇಲೆ ತಗಡು ಹೊದಿಸಿ ಅಂಚು ಮಡಚಿರುತ್ತಾರೆ. ಆ ಕಟ್ಟಿಗೆಯನ್ನು ಗೆದ್ದಲು ಸಾವಕಾಶವಾಗಿ ಊಟ ಮಾಡಿ ಮುಗಿಸಿತ್ತು. ಬಲಗಡೆ ಮಾತ್ರ ಸಾಹೇಬ ಬಿಟ್ಟುಹೋದ ಹಾಗೇ ಇತ್ತು.

ನಾನು ಆಗ ಇಪ್ಪತ್ತೈದರ ಆಸುಪಾಸಿನವನು. ಗೋಕಾಕದಲ್ಲಿ ಸಣ್ಣ ಗ್ಯಾರೇಜ್ ಹಾಕಿದ್ದೆ. ಆ ವರ್ಷದ ಬೇಸಿಗೆಯಲ್ಲಿ ಅಪ್ಪ ನಡೆಯುವಾಗ ಪಕ್ಕದ ಕಂಬಕ್ಕೆ, ಬಾಗಿಲ ತೋಳಿಗೆ ಭುಜ ತಾಗಿಸಿಕೊಳ್ಳತೊಡಗಿದ. ಘಟಪ್ರಭಾದ ಡಾಕ್ಟರಿಗೆ ತೋರಿಸಿದೆವು. ಅವರು ದೀಪ ಹಿಡಿದು ನೋಡಿ, ಕಣ್ಣಿನ ನರ ಒಣಗುತ್ತಿದೆ, ಬದಿಯಿಂದ ಕತ್ತಲು ಮುಚ್ಚುತ್ತ ನಡುವಿಗೆ ಬರುತ್ತದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದರು. ಹಾಗೆ ಹೇಳುವಾಗ ಅವರ ದನಿಯಲ್ಲಿದ್ದ ಮರುಕಕ್ಕೆ ನಾನು ಇಂದಿಗೂ ಕೃತಜ್ಞ. ಬಸ್ಸಿಳಿದು ಬಂದು ಮನೆಯ ಕಟ್ಟೆಯ ಮೇಲೆ ಕೂತು ಅಪ್ಪ ಹೇಳಿದ.

"ಈ ಪಂಚಮಿಗೆ ಗಾಡಿ ತಯಾರಾಗಬೇಕು. ಮುಂದಿನ ಪಂಚಮಿ ನಂದಲ್ಲ."

ಇಂಜಿನ್ನಿನ ಕೆಲಸ ನನಗೆ ಭಾರವಾಗಲಿಲ್ಲ. ಒಂದೆರಡು ವಾರ ಒದ್ದಾಡಿದ ಮೇಲೆ ಅದು ಕೆಮ್ಮಿ, ಉಗುಳಿ, ಎದ್ದು ಕೂತಿತು. ಆದರೆ ಮೈಕಟ್ಟು? ವಿಲಾಯತಿಯ ಆ ಗಾಡಿಗೆ ಮಡ್‌ಗಾರ್ಡ್, ಬಾಗಿಲು ಎಲ್ಲಿಂದ ತರಬೇಕು? ಹಾಗಾಗಿ ಬಲಗಡೆಯದನ್ನು ನೋಡಿ ಎಡಗಡೆಯದನ್ನು ನಾವೇ ಮಾಡಿಸಬೇಕೆಂದಾಯಿತು. ಮೊದಲು ಕಟ್ಟಿಗೆಯ ಅಚ್ಚು, ಆಮೇಲೆ ಅದರ ಮೇಲೆ ತಗಡು.

ಕಟ್ಟಿಗೆಯ ಕೆಲಸಕ್ಕೆ ಅಪ್ಪ ಕರೆದದ್ದು ತನ್ನ ಬಾಲ್ಯದ ಗೆಳೆಯನನ್ನು. ಅವನನ್ನು ನಾನು ಕಾಕಾ ಅನ್ನುತ್ತಿದ್ದೆ. ಅವನದು ಗೋಕಾಕದ ಬೊಂಬೆ ಮಾಡುವ ಮನೆತನ. ಕಟ್ಟಿಗೆಯ ಎತ್ತು, ಗಿಳಿ, ಕೈಗೆತ್ತಿಕೊಂಡರೆ ಕಚ್ಚಬೇಕೆನಿಸುವ ಮಾವಿನಹಣ್ಣು, ಬದನೆಕಾಯಿ. ಬಾಗಿಲು ಮಾಡುವವನು ಅವನೆಂದು ಕೇಳಿದೊಡನೆ ನಾನು ನಕ್ಕುಬಿಟ್ಟೆ.

"ಕಾಕಾ, ಇದ ಗಿಳಿ ಅಲ್ಲ. ಮನಶಾರ ಕೂಡೂ ಗಾಡಿ."

"ನಿಮ್ಮಪ್ಪನ ಮೂಗಿನಕಿಂತ ಕಠಿಣ ಐತೇನು? ಅದನ್ನೂ ಒಮ್ಮಿ ಮಾಡೇನಿ" ಅಂದ ಕಾಕಾ. ಅವನ ಅಂಗಡಿಯ ಡ್ರೈವರ್ ಬೊಂಬೆಗೆ ಖರೆ ಖರೆ ನಮ್ಮಪ್ಪನ ಮೂಗೇ ಇತ್ತು.

ನನ್ನ ಭಯ ಬೇರೆಯೇ ಇತ್ತು. ಬಲಗಡೆಯ ಬಾಗಿಲು ನೋಡಿ ಎಡಗಡೆಯದು ಮಾಡುವಾಗ ಎಲ್ಲ ತಿರುವುಮುರುವು ಆಗಬೇಕು. ಇವನು ನೋಡಿದ್ದನ್ನು ನೋಡಿದ ಹಾಗೆ ಕೆತ್ತಿ ಇನ್ನೊಂದು ಬಲಬಾಗಿಲು ತಂದಿಟ್ಟರೆ? ಆದರೆ ಕಾಕಾ ಜೋಡೆತ್ತುಗಳನ್ನು ಎದುರುಬದುರು ಮುಖ ಮಾಡಿಸಿ ಜೀವನವಿಡೀ ಕೆತ್ತಿದವನು. ಬಾಗಿಲಿನ ಮೈಮೇಲೆ ದಾರ ಹಿಡಿದು, ಬೆರಳಿನ ಗೆಣ್ಣಿನಿಂದ ಅಳೆದು, ಸಾಗವಾನಿಯ ಹಳೆಯ ತೊಲೆ ಸೀಳಿ, ಚೌಕಟ್ಟು ಮಾಡಿದ. ಮಡ್‌ಗಾರ್ಡಿನ ಅಚ್ಚನ್ನೂ ಮಾಡಿದ. ತಿರುವು ಸರಿಯಾಗಿಯೇ ಬಂದಿತ್ತು. ನಾನು ಮನಸ್ಸಿನಲ್ಲೇ ಕೈಮುಗಿದೆ.

ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ, ದೊಡ್ಡ ರಸ್ತೆಯ ಬಾಜೂ, ಲಾರಿಗಳಿಗೆ ಮೈ ಕಟ್ಟುವ ಒಬ್ಬ ಮೇಸ್ತ್ರಿ ಇದ್ದ. ಕಟ್ಟಿಗೆಯ ಚೌಕಟ್ಟನ್ನೂ ಅಚ್ಚನ್ನೂ ಬಸ್ಸಿನ ಮೇಲೆ ಕಟ್ಟಿಕೊಂಡು ಅಲ್ಲಿಗೆ ಒಯ್ದೆ. ಮೇಸ್ತ್ರಿ ಅಚ್ಚಿನ ಮೇಲೆ ತಗಡು ಬಡಿದು ಬಡಿದು ಮಡ್‌ಗಾರ್ಡ್ ಇಳಿಸಿಕೊಟ್ಟ. ಬಾಗಿಲಿನ ಚೌಕಟ್ಟಿಗೆ ತಗಡು ಹೊದಿಸಿ ಅಂಚು ಮಡಚಿದ. ನೋಡಲು ಎಷ್ಟು ಚಂದ ಇತ್ತೆಂದರೆ ತಿರುಗಿ ಬರುವಾಗ ಬಸ್ಸಿನಲ್ಲಿದ್ದವರೆಲ್ಲ ಅದು ಏನೆಂದು ಕೇಳಿದರು. ನಾನು ವಿಮಾನದ್ದು ಅಂದೆ.

ಮನೆಗೆ ತಂದಿಟ್ಟು ನಾನು ಗ್ಯಾರೇಜಿಗೆ ಹೋಗಿ ಬರುವಷ್ಟರಲ್ಲಿ ಬಾಗಿಲು, ಮಡ್‌ಗಾರ್ಡ್ ಎರಡೂ ಕೆಂಪಗೆ ಹೊಳೆಯುತ್ತಿದ್ದವು. ಕಾಕಾ ತನ್ನ ಗಿಳಿಯ ಕೊಕ್ಕಿನ ಬಣ್ಣ ಹೊಡೆದುಬಿಟ್ಟಿದ್ದ. ನಾನು ಬಾಯಿ ತೆಗೆಯುವ ಮೊದಲೇ ಅಪ್ಪ ಅಂದ:

"ನಾನ ಹೇಳಿದ್ನೆಪಾ. ಕೆಂಪ ಬಣ್ಣಾ ಇನ್ನೂ ಕಾಣತೈತಿ ನನಗ. ಕಾಣೂದರಾಗ ನೋಡೂಣಂತ."

ಬಣ್ಣ ಒಣಗಲೆಂದು ಎರಡನ್ನೂ ನೆರಳಿಗೆ ಸರಿಸಿಟ್ಟೆ.

ಮರುದಿನ ಕೂಡಿಸಲು ನಿಂತೆವು. ಮೊದಲು ಮಡ್‌ಗಾರ್ಡ್ ಇಟ್ಟು ಬೋಲ್ಟುಗಳನ್ನು ಗಟ್ಟಿ ಬಿಗಿದೆ. ಆಮೇಲೆ ಬಿಜಾಗರಿಗೆ ಬಾಗಿಲು ತೂಗುಹಾಕಿ ಮುಚ್ಚಿದೆ. ಅದು ಮುಚ್ಚಿತು, ಮತ್ತೆ ತಾನೇ ತೆರೆದುಕೊಂಡಿತು. ಇನ್ನೊಮ್ಮೆ ಮುಚ್ಚಿದೆ. ಮತ್ತೆ ತೆರೆಯಿತು. ಬಾಗಿ ನೋಡಿದರೆ ಬಾಗಿಲಿನ ಸುತ್ತಲೂ ಬೆರಳು ತೂರುವಷ್ಟು ಸಂದು. ಚಿಲಕದ ನಾಲಿಗೆ ಕಂಬದಲ್ಲಿದ್ದ ಕೊಂಡಿಯನ್ನು ಮುಟ್ಟುತ್ತಲೇ ಇರಲಿಲ್ಲ. ನನ್ನ ಕೈಯಲ್ಲಿದ್ದ, ಬೋಲ್ಟು ಬಿಗಿಯುವ ಪಾನಾ ಕೊಟ್ಟಿಗೆಯ ಗೋಡೆಗೆ ಹೋಗಿ ಬಡಿಯಿತು. ಎಮ್ಮೆ ಹೆದರಿ ಹಗ್ಗ ಜಗ್ಗಿತು.

ಕಾಕಾ ಆ ಸಂದಿಯಲ್ಲಿ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಎಳೆದ. ಎಲ್ಲ ಕಡೆ ಒಂದೇ ಸಮ. ಅವನ ಮುಖ ಸಪ್ಪಗಾಯಿತು. ಎದ್ದು ಮನೆಗೆ ಹೋಗಿ ಎರಡು ಎತ್ತಿನ ಬೊಂಬೆ ತಂದು ಕಟ್ಟೆಯ ಮೇಲಿಟ್ಟ. ಒಂದು ಕೆತ್ತಿದ್ದು ಅಷ್ಟೇ, ಬರೀ ಕಟ್ಟಿಗೆ, ಬಡಕಲು. ಇನ್ನೊಂದು ಬಣ್ಣ ಹಚ್ಚಿ ಮುಗಿಸಿದ್ದು, ದುಂಡುದುಂಡಗೆ.

"ನಾವು ಕೆತ್ತೂವಾಗ ಒಂದ ಪದರ ಸಣ್ಣದ ಕೆತ್ತತೇವಿ" ಅಂದ. "ಮ್ಯಾಲ ಹುಣಸಿ ಬೀಜದ ಅಂಟು, ಕಟಗಿ ಪುಡಿ, ಸುದ್ದಿ ಅನ್ನೂ ಬಿಳಿ ಮಣ್ಣು, ಎಲ್ಲಾ ಮೆತ್ತಬೇಕಲ್ಲಾ. ಮೆತ್ತಿದ ಮ್ಯಾಲ ಖರೆ ಅಳತಿ ಬರತೈತಿ. ಈ ಬಾಗಲಾನೂ ಹಂಗ ಕೆತ್ತೇನಿ. ಮೆತ್ತೂದಕ್ಕ ಜಾಗಾ ಬಿಟ್ಟ."

ಅಪ್ಪನ ಹೊಟ್ಟೆ ಕುಲುಕತೊಡಗಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಹಂಗಾದ್ರ ಈಗ ಮೆತ್ತಲೇನು?" ಎಂದ ಕಾಕಾ, ಖರೇನೇ.

"ಮೆತ್ತು ಕಾಕಾ. ಶ್ರಾವಣದ ಮಳಿಗೆ ಬಾಗಲಾ ಸಾರಾಗಿ ಹರಿತೈತಿ. ಅವ್ವ ಒಗ್ಗರಣಿ ಕೊಡ್ತಾಳ" ಅಂದೆ.

ನಗು ಮುಗಿದ ಮೇಲೆ ದಿನ ಎಣಿಸಿದೆ. ಪಂಚಮಿ ಹತ್ತಿರ ಬಂದಿತ್ತು. ಮಡ್‌ಗಾರ್ಡ್ ಸಣ್ಣದಾದರೆ ತೊಂದರೆಯಿರಲಿಲ್ಲ. ಮೈಗೂ ಅದಕ್ಕೂ ನಡುವೆ ರಬ್ಬರಿನ ಪಟ್ಟಿ ಕೊಟ್ಟು ಹೊಂದಿಸಬಹುದು. ಆದರೆ ಬಾಗಿಲು ಅವ್ವನ ಬದಿಯದು. ಅದು ನಿಲ್ಲದಿದ್ದರೆ ಅವಳನ್ನು ಕೂಡಿಸುವುದು ಹೇಗೆ? ಹತ್ತರಗಿಯ ಮೇಸ್ತ್ರಿ, ಲಾರಿಗಳು ಸಾಲುಗಟ್ಟಿವೆ, ತಗಡೂ ಇಲ್ಲ, ದೀಪಾವಳಿ ಕಳೆಯಲಿ ಎಂದು ಹೇಳಿ ಕಳಿಸಿದ. ದೀಪಾವಳಿಯವರೆಗೆ ಅಪ್ಪನ ಕಣ್ಣು ಕಾಯಬೇಕಲ್ಲ. ಆ ವಾರವೇ ಅಪ್ಪ ಬದಿಯಲ್ಲಿಟ್ಟಿದ್ದ ಚಹಾದ ಬಟ್ಟಲನ್ನು ಮೊಣಕೈಯಿಂದ ಉರುಳಿಸಿದ. ಅಂದಿನಿಂದ ಅವ್ವ ತಾಟು, ಬಟ್ಟಲು ಎಲ್ಲವನ್ನೂ ಅವನ ಮೂಗಿನ ನೇರಕ್ಕೆ ಇಡತೊಡಗಿದಳು.

ಮೂರ್ನಾಲ್ಕು ದಿನ ಮುಖ ತೋರಿಸದ ಕಾಕಾ ಒಂದು ಮುಂಜಾನೆ ಬಗಲಲ್ಲಿ ಸಾಗವಾನಿಯ ತೆಳು ಪಟ್ಟಿಗಳ ಕಟ್ಟು ಹಿಡಿದುಕೊಂಡು ಬಂದ.

"ನನಗ ಮೆತ್ತಾಕಷ್ಟ ಬರತೈತಿ" ಅಂದ. "ಬಾಗಲಕ್ಕ ಮೆತ್ತಬ್ಯಾಡ ಅಂತೀಯಲ್ಲಾ. ಬಾಗಲಾ ಹೋಗಿ ಕೂಡೂ ಕಂಬಕ್ಕ ಮೆತ್ತಿದ್ರ? ಮಣ್ಣಲ್ಲೋ, ಕಟಗಿ."

ಬಾಗಿಲನ್ನು ದೊಡ್ಡದು ಮಾಡುವ ಚಿಂತೆಯಲ್ಲೇ ನಾನು ಮುಳುಗಿದ್ದೆ. ಬಾಗಿಲಿನ ಗೂಡನ್ನು ಸಣ್ಣದು ಮಾಡಬಹುದೆಂದು ಹೊಳೆದಿರಲಿಲ್ಲ. ಆ ಕ್ಷಣ ಅವನ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಹಿಡಿದುಕೊಳ್ಳಲಿಲ್ಲ. "ನೋಡೂಣು ತಗೋ ಕಾಕಾ" ಅಂದೆ ಅಷ್ಟೇ.

ಬಿಗಿದ ಬೋಲ್ಟುಗಳನ್ನೆಲ್ಲ ಸಡಿಲು ಮಾಡಿದೆವು. ಈ ಸಲ ಮೊದಲು ಬಾಗಿಲು, ಆಮೇಲೆ ಮಡ್‌ಗಾರ್ಡ್. ಬಿಜಾಗರಿಯ ಹಿಂದೆ ವಾಯ್ಸರ್ ಬಿಲ್ಲೆ ಇಟ್ಟು ಬಾಗಿಲನ್ನು ಒಂದಿಷ್ಟು ಹಿಂದಕ್ಕೆ ತಂದೆ. ಕಾಕಾ ಕಂಬಗಳಿಗೂ ಕೆಳಗಿನ ಹೊಸ್ತಿಲಿಗೂ ಪಟ್ಟಿ ಅಂಟಿಸಿ ಸ್ಕ್ರೂ ಹಾಕಿದ. ಈಗ ಬಾಗಿಲು ಎಲ್ಲಿ ತಿಕ್ಕುತ್ತದೆ, ಎಲ್ಲಿ ಇಲ್ಲ ಎಂಬುದು ಗೊತ್ತಾಗಬೇಕು. ಅವ್ವನ ಬಟ್ಟಲಿನಿಂದ ಅರಿಶಿನ ತಂದು ಪಟ್ಟಿಗೆ ಸವರಿದೆವು. ಬಾಗಿಲು ಮುಚ್ಚಿ ತೆರೆದರೆ ಕೆಂಪು ಅಂಚಿನ ಮೇಲೆ ತಾಗಿದ ಜಾಗದಲ್ಲಿ ಹಳದಿ ಹತ್ತಿರುತ್ತಿತ್ತು. ಆ ಜಾಗದಲ್ಲಿ ಕಾಕಾ ಪಟ್ಟಿಯನ್ನು ಉಳಿಯಿಂದ ಒಂದು ಎಳೆ ತೆಗೆಯುತ್ತಿದ್ದ. ಮತ್ತೆ ಅರಿಶಿನ, ಮತ್ತೆ ಮುಚ್ಚುವುದು, ಮತ್ತೆ ಒಂದು ಎಳೆ. ಅವ್ವ, "ದೇವರಿಗೆ ಅರಿಶಿಣ ಉಳಿಸ್ತೀರೋ ಇಲ್ಲೋ" ಎಂದು ಬೈಯುತ್ತಲೇ ಇನ್ನೊಂದು ಚಮಚ ತಂದು ಸುರಿಯುತ್ತಿದ್ದಳು.

ಆ ದಿನಗಳಲ್ಲಿ ಅವ್ವನಿಗೆ ಇದ್ದಕ್ಕಿದ್ದಂತೆ ಗಾಡಿಯ ಹುಚ್ಚು ಹಿಡಿಯಿತು. ನಾವು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರೆ ಅವಳು ಒಳಗೆ ಎಡಸೀಟಿನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒಮ್ಮೆ ಕೈಚಾಚಿ ಸ್ಟೇರಿಂಗ್ ಮುಟ್ಟಿದಳು.

"ಇದನ್ನ ಈಟ ತಿರುವಿದ್ರ ಗಾಲಿ ಎಟ್ಟ ಹೊಳ್ಳತಾವು?"

"ನಿನಗ್ಯಾಕ ಬೇಕಬೇ ಅದು?"

"ಸುಮ್ನ ಕೇಳಿದೆ. ಕೇಳಬಾರದೇನು?"

ಆಮೇಲೆ ಅವಳ ಕಾಟ ಚಿಲಕದ ಮೇಲೆ ಬಿತ್ತು. ಗಟ್ಟಿ ಹತ್ತತೈತೇನು, ಒತ್ತಿದರೆ ಬಿಚ್ಚೂದಿಲ್ಲೇನು, ಮೈಭಾರ ಹಾಕಿದರ ತಡಿತೈತೇನು. ದಿನಕ್ಕೆ ಹತ್ತು ಸಲ ಕೇಳಿ ತಲೆ ತಿಂದಳು. ಮೋಟಾರಿನಲ್ಲಿ ಕೂತು ಗೊತ್ತಿಲ್ಲದವಳು, ಬಿದ್ದುಹೋಗುವ ಹೆದರಿಕೆ, ಅಂದುಕೊಂಡೆ. ಕಡೆಗೆ ಒಂದು ಮಧ್ಯಾಹ್ನ ಬಾಗಿಲು ಟಕ್ಕೆಂದು ಕೂತಿತು. ನಾನು ಮತ್ತು ಕಾಕಾ ಇಬ್ಬರೂ ಹೊರಗಿನಿಂದ ಜಗ್ಗಿದೆವು, ಅಲುಗಲಿಲ್ಲ. ಅಪ್ಪ ಬಂದು ಸಂದಿಯ ಗುಂಟ ಉಗುರು ಎಳೆದು, ಎಲ್ಲ ಕಡೆ ಸಮ ಇದೆ ಎಂದು ತಲೆಯಾಡಿಸಿದ. ಕಾಕಾ ಅಲ್ಲಲ್ಲಿ ಉಳಿದ ಕೂದಲೆಳೆಯ ಸಂದಿಗೆ ನನ್ನ ಕಣ್ಣು ತಪ್ಪಿಸಿ ಹುಣಸೆ ಬೀಜದ ಅಂಟನ್ನೇ ತುಂಬಿದ್ದನೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಬಣ್ಣ ಕೆರೆದಾಗ. ಅದು ಯಾವ ಮಳೆಗೂ ಸಾರಾಗಿರಲಿಲ್ಲ.

ಪಂಚಮಿಯ ಹಿಂದಿನ ದಿನ ಜಗಳವಾಯಿತು. ಅಪ್ಪನ ಕಣ್ಣಿನಲ್ಲಿ ಗಾಡಿ ನಡೆಸುವುದು ಬೇಡ, ಮೊದಲು ಅವ್ವನನ್ನು ನಾನು ಬಿಟ್ಟುಬರುತ್ತೇನೆ, ಆಮೇಲೆ ಅಪ್ಪನನ್ನು ಒಯ್ಯುತ್ತೇನೆ ಅಂದೆ. ಎರಡೇ ಸೀಟು, ಬೇರೆ ದಾರಿ ಇರಲಿಲ್ಲ.

"ನಡು ಚಲೋ ಕಾಣತೈತಿ ನನಗ" ಅಂದ ಅಪ್ಪ. "ನೀ ಬಿಳಿ ಅಂಗಿ ಹಾಕ್ಕೊಂಡ ಸೈಕಲ್ ಮ್ಯಾಲ ಮುಂದ ಹೋಗು. ನಿನ್ನ ಬೆನ್ನ ನೋಡಕೋತ ಬರತೇನಿ."

ನಾನು ಅವ್ವನ ಕಡೆ ತಿರುಗಿದೆ, ಅವಳಾದರೂ ಬುದ್ಧಿ ಹೇಳಲಿ ಎಂದು.

"ಅವರ ಬಾಜೂ ಕುಂತ ಹೋಗತೇನಿ. ಇಲ್ಲಾಂದ್ರ ಬಸ್ಸ ಐತಿ ನನಗ" ಅಂದಳು.

ನಸುಕಿನಲ್ಲಿ, ರಸ್ತೆ ಖಾಲಿ ಇರುವಾಗ ಹೊರಟೆವು. ಅವ್ವ ಇಳಕಲ್ ಸೀರೆ ಉಟ್ಟು, ಸೆರಗನ್ನು ತಲೆಗೆ ಬಿಗಿದುಕೊಂಡಿದ್ದಳು. ಕಾಕಾ ತಾನೇ ಬಾಗಿಲು ಹಾಕಿ, ಅದರ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಂತ. ನಾನು ಬಿಳಿ ಅಂಗಿಯಲ್ಲಿ ಸೈಕಲ್ ಗಂಟೆ ಬಾರಿಸುತ್ತ ಮುಂದೆ. ಹಿಂದೆ ಎರಡನೇ ಗೇರಿನಲ್ಲಿ ಗುರುಗುಡುವ ಗಾಡಿ. ಮದುವೆಯ ಮೆರವಣಿಗೆಗಿಂತ ನಮ್ಮದು ನಿಧಾನ. ಮಸಗುಪ್ಪಿಯ ಕಡೆ ಹೊರಟಿದ್ದ ಚಕ್ಕಡಿಯೊಂದು ಎದುರಾದಾಗ ನನ್ನ ಜೀವ ಬಾಯಿಗೆ ಬಂದಿತ್ತು. ತಿರುಗಿ ನೋಡುವಷ್ಟರಲ್ಲಿ ಕಾರು ಹದವಾಗಿ ಎಡಕ್ಕೆ ಸರಿದು, ಚಕ್ಕಡಿಗೆ ದಾರಿ ಬಿಟ್ಟು, ಮತ್ತೆ ನಡುವಿಗೆ ಬಂತು. ಅಪ್ಪನ ಕೈ ಎಷ್ಟು ಪಳಗಿದ್ದು ಎಂದು ಹೆಮ್ಮೆಪಟ್ಟೆ. ಗಾಡಿಯ ಉದ್ದ ಮೂತಿಯ ಆಚೆ ತಲೆ, ಭುಜ ಅಷ್ಟೇ ಕಾಣುತ್ತಿದ್ದವು, ಆದರೂ ಇನ್ನೊಂದನ್ನು ನೋಡಿದೆ. ಅವ್ವ ಬಾಗಿಲಿಗೆ ಬೆನ್ನು ಕೊಟ್ಟು, ಓರೆಯಾಗಿ ಅಪ್ಪನ ಕಡೆ ತಿರುಗಿ ಕೂತಿದ್ದಳು. ಈ ವಯಸ್ಸಿನಲ್ಲಿ ನಡುರಸ್ತೆಯಲ್ಲಿ ಗಂಡನ ಮುಖ ನೋಡುತ್ತ ಕೂತಿದ್ದಾಳಲ್ಲ ಎಂದು ನನಗೇ ನಾಚಿಕೆಯಾಗಿ ಮತ್ತೆ ತಿರುಗಿ ನೋಡಲಿಲ್ಲ.

ದಾರಿಯಲ್ಲಿ ಒಂದು ಬಾವಿಯ ಹತ್ತಿರ ರೇಡಿಯೇಟರಿಗೆ ನೀರು ಕುಡಿಸಿದೆವು. ಮೂಡಲಗಿ ಮುಟ್ಟಿದಾಗ ಬಿಸಿಲು ಏರಿತ್ತು. ಸೋದರಮಾವನ ಮನೆಯವರೆಲ್ಲ ಬೀದಿಗೆ ಬಂದರು. ಅತ್ತೆ ರೊಟ್ಟಿ, ನೀರು ತಂದು ಇಬ್ಬರಿಗೂ ನಿವಾಳಿಸಿದಳು, ಆಮೇಲೆ ಏನೋ ನೆನಪಾದಂತೆ ಕಾರಿಗೂ ನಿವಾಳಿಸಿದಳು. ಅವ್ವ ಯಾರ ಕೈಯನ್ನೂ ಹಿಡಿಯದೆ, ತಾನೇ ಚಿಲಕ ತೆಗೆದು ಇಳಿದು, ತಾನೇ ಬಾಗಿಲು ಮುಚ್ಚಿದಳು. ಟಕ್ಕೆಂದಿತು. ಅಪ್ಪ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಬಹಳ ಹೊತ್ತು ಕೂತೇ ಇದ್ದ. ಹಬ್ಬಕ್ಕೆ ಅವ್ವನನ್ನೂ, ನನ್ನ ಸೈಕಲ್ಲನ್ನೂ ಅಲ್ಲೇ ಬಿಟ್ಟು ತಿರುಗಿ ಬರುವಾಗ ನಾನು ಗಾಡಿ ನಡೆಸಿದೆ, ಅಪ್ಪ ಎಡಸೀಟಿನಲ್ಲಿ ಕೂತ. ಮುಂದೆ ಅವನು ಸ್ಟೇರಿಂಗ್ ಹಿಡಿಯಲಿಲ್ಲ, ಹಿಡಿಯಬೇಕೆಂದು ಕೇಳಲೂ ಇಲ್ಲ.

ಅಪ್ಪ ತೀರಿಕೊಂಡು ವರ್ಷಗಳಾದ ಮೇಲೆ, ಇನ್ನೊಂದು ಪಂಚಮಿಯ ದಿನ, ಕಟ್ಟೆಯ ಮೇಲೆ ಉಂಡಿ ಕಟ್ಟುತ್ತ ಅವ್ವ ತಾನಾಗಿಯೇ ಹೇಳಿದಳು.

"ನಿನ್ನ ಬಿಳಿ ಅಂಗಿ ಅವರಿಗೆ ಕಾಣತಿದ್ದಿಲ್ಲೋ."

ನಾನು ಉಂಡಿ ಕೈಯಲ್ಲೇ ಹಿಡಿದು ಕೂತೆ.

"ಊರ ದಾಟೂದರಾಗ ಹೇಳಿದ್ರು, ಎಲ್ಲಾ ಮಬ್ಬ ಆಗೇತಿ, ತಿರುಗಿ ಹೋಗೂಣು ಅಂತ. ನಾ ಬ್ಯಾಡ ಅಂದೆ. ಕಾಲಿಂದ ನೀವು ಮಾಡ್ರಿ, ಕೈಯಿಂದ ನಾ ಮಾಡತೇನಿ ಅಂದೆ. ಬಾಗಲಕ್ಕ ಬೆನ್ನ ಆನಿಸಿ, ಓರೆ ಕುಂತು, ಮೂಡಲಗಿ ಮಟಾ ಸ್ಟೇರಿಂಗ್ ಹಿಡಕೊಂಡ ಕುಂತಿದ್ದೆ. ಮೈಭಾರ ಎಲ್ಲಾ ಬಾಗಲದ ಮ್ಯಾಲ." ಆಮೇಲೆ ಮುಗಿದ ಉಂಡಿಯನ್ನು ತಾಟಿನಲ್ಲಿಟ್ಟು ಅಂದಳು, "ಬಾಗಲಾ ಚಲೋ ಮಾಡಿದ್ರಪಾ ನೀವಿಬ್ಬರು."

ಅಷ್ಟು ಹೊತ್ತಿಗೆ ಕಾಕಾನೂ ಇರಲಿಲ್ಲ. ಹಿಡಿಯಬೇಕೆಂದು ಹಿಡಿಯದೆ ಬಿಟ್ಟ ಅವನ ಆ ಕೈ ನೆನಪಾಯಿತು. ಎದ್ದು ಕೊಟ್ಟಿಗೆಗೆ ಹೋಗಿ, ಆ ಕಾರಿನ ಎಡಸೀಟಿನಲ್ಲಿ ಕೂತು, ಬಾಗಿಲು ಮುಚ್ಚಿಕೊಂಡೆ. ಈಗಲೂ ಯಾವ ಗಾಡಿಗೆ ಬಾಗಿಲು ಕೂಡಿಸಿದರೂ ಬಣ್ಣಕ್ಕೆ ಕೊಡುವ ಮೊದಲು ನಾನು ಒಳಗೆ ಕೂತು, ಓರೆಯಾಗಿ ತಿರುಗಿ, ಪೂರಾ ಮೈಭಾರ ಹಾಕಿ ಬೆನ್ನು ಆನಿಸಿ ನೋಡುತ್ತೇನೆ.